ತೂಕವುಳ್ಳ ದಯೆ

ದಯೆ ಎಂದೊಡನೆ ನಮ್ಮ ಕಣ್ಮುಂದೆ ಸುಳಿಯುವುದು ಒಂದು ಮುಗುಳ್ನಗೆ, ಕೆಳಕ್ಕೆ ಚಾಚಿದ ಒಂದು ಕೈ. ಆದರೆ ಪ್ರಿಯ ಓದುಗರೇ, ದಯೆಗೆ ತೂಕವಿದೆ, ಬೆವರಿದೆ. ಡಚ್ ಕಲಾವಿದ ವಿನ್ಸೆಂಟ್ ವ್ಯಾನ್ ಗೋ 1890ರ ಮೇ ತಿಂಗಳಲ್ಲಿ ರಚಿಸಿದ ‘ದಯಾಳು ಸಮಾರಿಯದವನು’ ಎಂಬ ವರ್ಣಚಿತ್ರ ಇದನ್ನೇ ಸಾರುತ್ತದೆ. ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಸಾಮತಿಯೇ ಅದರ ವಸ್ತು. ಚಿತ್ರವು ಇಂದು ನೆದರ್‌ಲ್ಯಾಂಡ್ಸ್‌ನ ಓಟರ್ಲೋದಲ್ಲಿರುವ ಕ್ರೊಲರ್-ಮ್ಯೂಲರ್ ವಸ್ತುಸಂಗ್ರಹಾಲಯದಲ್ಲಿದೆ.

ವ್ಯಾನ್ ಗೋ ಪ್ರೊಟೆಸ್ಟೆಂಟ್ ಸಭಾಪಾಲಕರೊಬ್ಬರ ಮಗ. 1879ರಲ್ಲಿ ಬೆಲ್ಜಿಯಂನ ಬೋರಿನಾಜ್ ಕಲ್ಲಿದ್ದಲು ಪ್ರದೇಶದಲ್ಲಿ ಬೋಧಕನಾಗಿದ್ದಾಗ ತನ್ನ ಬಟ್ಟೆಬರೆಗಳನ್ನು ಬಡವರಿಗೆ ಕೊಟ್ಟು ಗಣಿಕಾರ್ಮಿಕರಂತೆಯೇ ಬದುಕಿದವನು. ಈ ಚಿತ್ರ ಬರೆಯುವಾಗ ಫ್ರಾನ್ಸಿನ ಸೇಂಟ್-ರೆಮಿಯ ಮನೋರೋಗಿಗಳ ಆಶ್ರಯಧಾಮದಲ್ಲಿ ಅವನೇ ರೋಗಿ. ಫ್ರೆಂಚ್ ಕಲಾವಿದ ದೆಲಾಕ್ರ್ವಾನ ಚಿತ್ರದ ಕಪ್ಪು-ಬಿಳುಪು ಮುದ್ರಣವೊಂದು ಅವನ ಮುಂದಿತ್ತು. ಬಣ್ಣಗಳು ಮಾತ್ರ ಅವನವೇ. ಎರಡು ತಿಂಗಳ ಬಳಿಕ ಅವನು ತೀರಿಕೊಂಡನು.

ಚಿತ್ರವನ್ನು ನಿಧಾನವಾಗಿ ನೋಡಿರಿ. ಸಮಾರಿಯದವನು ಗಾಯಾಳುವನ್ನು ಕುದುರೆಯ ಮೇಲೆ ಏರಿಸಲು ಹೆಣಗುತ್ತಿದ್ದಾನೆ. ಅವನ ಬೆನ್ನು ಹಿಂದಕ್ಕೆ ಬಾಗಿದೆ, ಹಿಮ್ಮಡಿ ನೆಲ ಬಿಟ್ಟಿದೆ. ಗಾಯಾಳುವಾದರೋ ಅವನನ್ನೇ ಅವುಚಿಕೊಂಡಿದ್ದಾನೆ. ಯಾರು ಎತ್ತುವವರು, ಯಾರು ಬೀಳುವವರು ಎಂದು ಕ್ಷಣಕಾಲ ತಿಳಿಯದು. ಇಲ್ಲಿ ಕೊಡುವವನು ಮೇಲಿಲ್ಲ, ಪಡೆಯುವವನು ಕೆಳಗಿಲ್ಲ. ಸಮಾರಿಯದವನ ಮರುಕಕ್ಕೆ ಲೂಕನು ಬಳಸುವ ಗ್ರೀಕ್ ಕ್ರಿಯಾಪದವು ಒಳಕರುಳು ಎಂಬ ಅರ್ಥದ ಪದದಿಂದ ಹುಟ್ಟಿದ್ದು. ‘ಕರುಳು ಮಿಡಿಯಿತು’ ಎನ್ನುವ ಕನ್ನಡಿಗರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಮಿಡಿತ ಬೆನ್ನೆಲುಬಿನವರೆಗೂ ಇಳಿದಾಗ ಮಾತ್ರ ದಯೆಯಾಗುತ್ತದೆ ಎಂಬುದು ಕಲಾವಿದನ ಸಾಕ್ಷ್ಯ.

ಎಡಭಾಗದ ದಾರಿಯಲ್ಲಿ ಇಬ್ಬರು ದೂರ ಸಾಗುತ್ತಿದ್ದಾರೆ: ಯಾಜಕ ಮತ್ತು ಲೇವಿಯ. ಕಲಾವಿದ ಅವರನ್ನು ದುಷ್ಟರಂತೆ ಬಿಡಿಸಿಲ್ಲ. ಅವರು ಕೇವಲ ಚಿಕ್ಕವರಾಗಿ ಕಾಣುತ್ತಾರೆ, ಅಷ್ಟೇ. ಪೂಜೆ ಮುಗಿಸಿ ಅವಸರದಲ್ಲಿ ಮನೆಗೆ ಮರಳುವ ನಮ್ಮ ಬೆನ್ನುಗಳೂ ಹೀಗೆಯೇ ಕಾಣುತ್ತಿರಬಹುದಲ್ಲವೇ?

ಆದರೂ ಚಿತ್ರಕ್ಕೆ ದಕ್ಕದ ಎರಡು ಸಂಗತಿಗಳಿವೆ. ಒಂದು, ಛತ್ರ. ಸಾಮತಿಯ ಸಮಾರಿಯದವನು ಎರಡು ದೆನಾರಿಗಳನ್ನು ಕೊಟ್ಟು, ಹೆಚ್ಚಿನ ಖರ್ಚನ್ನು ಹಿಂದಿರುಗುವಾಗ ತೀರಿಸುವೆನೆಂದು ಮಾತು ಕೊಡುತ್ತಾನೆ. ಎತ್ತಿದ ಕ್ಷಣ ಚಿತ್ರವಾಗಬಲ್ಲದು; ಮರಳಿ ಬಂದು ವಿಚಾರಿಸುವ ನಿಷ್ಠೆ ಚಿತ್ರಕ್ಕೆ ಸಿಗದು. ನಮ್ಮ ದಯೆ ಬಹುಪಾಲು ಸೋಲುವುದೂ ಅಲ್ಲಿಯೇ. ಮೊದಲ ವಾರ ರೋಗಿಯ ಮನೆ ತುಂಬಿರುತ್ತದೆ. ಆರನೆಯ ತಿಂಗಳು ಬಾಗಿಲು ತಟ್ಟುವವರಾರು?

ಇನ್ನೊಂದು, ಯೆಹೂದ್ಯರಿಗೂ ಸಮಾರಿಯದವರಿಗೂ ಇದ್ದ ಹಗೆತನ. ಪ್ರಭುವಿನ ಪ್ರಶ್ನೆಗೆ ಉತ್ತರಿಸಿದ ಧರ್ಮಶಾಸ್ತ್ರಿಯು ‘ಸಮಾರಿಯದವನು’ ಎನ್ನದೆ, ದಯೆ ತೋರಿದವನು ಎಂದಷ್ಟೇ ಹೇಳುತ್ತಾನೆ. ದಯೆ ತೋರುವುದು ಕಷ್ಟ. ನಾವು ಕೀಳೆಂದು ಬಗೆದವರಿಂದ ದಯೆ ಪಡೆಯುವುದು ಇನ್ನೂ ಕಷ್ಟ. ಜಾತಿ, ಭಾಷೆ, ಹಳೆಯ ಜಗಳಗಳ ಹೆಸರಿನಲ್ಲಿ ನಾವು ದೂರವಿಟ್ಟವರ ಕೊರಳಿಗೆ ಒಂದು ದಿನ ನಮ್ಮ ಕೈಗಳೇ ಜೋತುಬೀಳಬೇಕಾದೀತು.

ಆದುದರಿಂದ ಈ ಚಿತ್ರದ ಮುಂದೆ ನಿಂತಾಗ ನಿಮ್ಮನ್ನು ಸಮಾರಿಯದವನ ಸ್ಥಾನದಲ್ಲಿ ಮಾತ್ರ ಕಲ್ಪಿಸಿಕೊಳ್ಳಬೇಡಿರಿ. ಮೊದಲು ಗಾಯಾಳುವಿನ ಸ್ಥಾನದಲ್ಲಿರಿ. ತನ್ನನ್ನು ಯಾರೋ ಹೊತ್ತರು ಎಂದು ಅರಿತವನೇ ಮತ್ತೊಬ್ಬರನ್ನು ಹೊರಬಲ್ಲನು.