ಥಾರೋ ಜಿಮ್ನಿಯೋ: ಮೊದಲು ಓಣಿ ಅಳೆಯಿರಿ

ಥಾರ್ ತಗೊಳ್ಳುವುದೋ ಜಿಮ್ನಿಯೋ ಎಂದು ಕುಂದಾಪುರದ ಕಡೆಯವರು ಕೇಳಿದರೆ ನಾನು ಎಂಜಿನ್ನಿನ ಮಾತು ಎತ್ತುವುದಿಲ್ಲ. ನಿಮ್ಮ ಮನೆಯ ಓಣಿ ಎಷ್ಟು ಅಗಲವಿದೆ ಎಂದು ಕೇಳುತ್ತೇನೆ. ಕೋಟೇಶ್ವರದಲ್ಲಿ ಹೆದ್ದಾರಿ 66 ಬಿಟ್ಟು ಹಾಲಾಡಿ ಕಡೆ ತಿರುಗಿ, ಅಲ್ಲಿಂದ ಒಳಗಿನ ಬೈಲಿಗೆ ಇಳಿದರೆ ಎರಡೂ ಬದಿ ಮುರಕಲ್ಲಿನ ಪಾಗಾರ, ನಡುವೆ ಒಂದು ರಿಕ್ಷಾ ನಿರಾಳವಾಗಿ ಹೋಗುವಷ್ಟೇ ಜಾಗ. ಥಾರಿನ ಅಗಲ 1820 ಮಿ.ಮೀ., ಜಿಮ್ನಿಯದು 1645. ಉದ್ದ ಮಾತ್ರ ಎರಡಕ್ಕೂ ಒಂದೇ, 3985. ಷೋರೂಮಿನ ನುಣುಪು ನೆಲದ ಮೇಲೆ ನಿಂತಾಗ ಆ 175 ಮಿ.ಮೀ. ಯಾರ ಕಣ್ಣಿಗೂ ಬೀಳದು. ಡೇರಿಗೆ ಹಾಲು ಹಾಕಲು ಹೊರಟ ಸ್ಕೂಟರ್ ಎದುರಾದಾಗ ಅದೇ ದಾರಿ. ಐದು ಬಾಗಿಲು ಬೇಕೆಂದು 2024ರಲ್ಲಿ ಬಂದ ಥಾರ್ ರಾಕ್ಸ್ ಕಡೆ ಹೊರಳಿದರೆ ಅಗಲ 1870ಕ್ಕೆ ಏರುತ್ತದೆ, ಉದ್ದ 4428.

ಎರಡೂ ಒಳ್ಳೆಯ ಮನೆತನದವು. ಮಹೀಂದ್ರಾ 1947ರಿಂದ ವಿಲ್ಲಿಸ್ ಜೀಪು ಜೋಡಿಸುತ್ತ ಬಂದ ಕಂಪೆನಿ. ಕೊಲ್ಲೂರು, ಕಟ್ಟಿನಹೊಳೆ ಕಡೆಯಿಂದ 1343 ಮೀಟರ್ ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಹೊತ್ತು ಏರುವ ಬಾಡಿಗೆ ಜೀಪುಗಳನ್ನು ನೋಡಿದವರಿಗೆ ಆ ವಂಶದ ತಾಕತ್ತನ್ನು ಹೇಳಿ ತಿಳಿಸಬೇಕಿಲ್ಲ. ಸುಜುಕಿಯ ವಂಶ 1970ರ ಪುಟ್ಟ ಎಲ್‌ಜೆ10ರಿಂದ ಹೊರಟು, 1985ರಲ್ಲಿ ನಮ್ಮಲ್ಲಿಗೆ ಜಿಪ್ಸಿಯಾಗಿ ಬಂತು, ಸೈನ್ಯದ ನೆಚ್ಚಿನ ಗಾಡಿಯಾಯಿತು. ಈಗಿನ ಥಾರ್ ಬಂದದ್ದು 2020ರ ಅಕ್ಟೋಬರ್ 2ರಂದು, ಐದು ಬಾಗಿಲಿನ ಜಿಮ್ನಿ 2023ರ ಜೂನ್‌ನಲ್ಲಿ.

ನಮ್ಮ ನೆಲಕ್ಕೆ ಬರೋಣ. ಆಸಾಡಿ ಮಳೆಯಲ್ಲಿ ಇಲ್ಲಿನ ಮಣ್ಣುದಾರಿಯ ಕೆಸರು ಆಳಕ್ಕೆ ಇಳಿದಿರುವುದಿಲ್ಲ. ಮೇಲೆ ನಾಲ್ಕಾರು ಬೆರಳು ಜೇಡಿ, ಅದರ ಕೆಳಗೆ ಗಟ್ಟಿ ಮುರ. ಇಂಥಲ್ಲಿ ಅಗಲದ ಟಯರು ಕೆಸರಿನ ಮೇಲೆಯೇ ತೇಲಿ ಜಾರುತ್ತದೆ. ಸಣ್ಣ ಟಯರು ಕೆಸರನ್ನು ಸೀಳಿ ಕೆಳಗಿನ ಗಟ್ಟಿಯನ್ನು ಹಿಡಿಯುತ್ತದೆ. ಜಿಮ್ನಿಯ ಟಯರು 195 ಅಗಲದ್ದು. ಥಾರಿನ ದುಬಾರಿ ಆವೃತ್ತಿಯದು 255. ಜೊತೆಗೆ ತೂಕ. ಜಿಮ್ನಿ ಸುಮಾರು 1200 ಕೆ.ಜಿ. ಮಾತ್ರ, ಥಾರ್ ಅದಕ್ಕಿಂತ ಎಷ್ಟೋ ಭಾರ. ತೋಡಿನ ಪಕ್ಕದ ಹುಣಿಯ ಮೇಲೆ ಗಾಡಿ ಬದಿಗೆ ಜಾರತೊಡಗಿದರೆ ಅದನ್ನು ಎಳೆಯುವುದು ಆ ತೂಕವೇ, ಆಗ ಎಷ್ಟು ಕುದುರೆ ಶಕ್ತಿ ಇದ್ದರೂ ನೆರವಾಗದು. ಹಗುರ ಗಾಡಿ ಹೂತುಹೋದರೂ ನೆರೆಮನೆಯ ನಾಲ್ಕು ಜನ ಸೇರಿದರೆ ಹೆಚ್ಚಾಗಿ ಮೇಲೆ ಬರುತ್ತದೆ. ಈ ಒಂದು ಕಾರಣಕ್ಕೇ ಬೈಲಿನ ಮನೆಯವರಿಗೆ ನಾನು ಜಿಮ್ನಿಯನ್ನು ಹೇಳುವುದು.

ಆಕ್ಸಲಿನ ವಿಷಯದಲ್ಲೂ ಜಿಮ್ನಿ ಹಳೆಯ ಜೀಪಿನ ನಿಯಮವನ್ನು ಬಿಟ್ಟಿಲ್ಲ: ಮುಂದೆಯೂ ಹಿಂದೆಯೂ ಇಡೀ ಆಕ್ಸಲು, ಕಾಯಿಲ್ ಸ್ಪ್ರಿಂಗ್. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದು ತಾನಾಗಿ ಕೆಳಗೆ ಒತ್ತಿಕೊಂಡು ನೆಲ ಹುಡುಕುತ್ತದೆ. ಥಾರಿನಲ್ಲಿ ಇಡೀ ಆಕ್ಸಲು ಹಿಂದೆ ಮಾತ್ರ. ಮುಂದಿನ ಚಕ್ರಗಳದ್ದು ಬೇರೆ ಬೇರೆ ಸಸ್ಪೆನ್ಷನ್. ಆದರೆ ನೆಲದಿಂದ ಎತ್ತರ ಥಾರಿಗೆ 226 ಮಿ.ಮೀ., ಜಿಮ್ನಿಗೆ 210. ನೀರಿನಲ್ಲಿ 650 ಮಿ.ಮೀ. ಆಳದವರೆಗೂ ಥಾರ್ ಹೋಗಬಲ್ಲದು ಎನ್ನುತ್ತದೆ ಕಂಪೆನಿ. ಕೆಲವು ಥಾರುಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ಪೂರ್ತಿ ಲಾಕ್ ಆಗುತ್ತದೆ, ಜಿಮ್ನಿಯಲ್ಲಿ ಬರಿದೇ ತಿರುಗುವ ಚಕ್ರಕ್ಕೆ ಬ್ರೇಕ್ ಹಿಡಿಯುವ ವ್ಯವಸ್ಥೆ ಮಾತ್ರ. ಆ ಲಾಕು ನೀವು ಬುಕ್ ಮಾಡುವ ಥಾರಿನಲ್ಲಿ ಇದೆಯೇ ಎಂದು ಕೇಳಿ, ಬರೆಸಿಕೊಳ್ಳಿ.

ಘಟ್ಟ ಹತ್ತುವಾಗ ಮಾತು ಬೇರೆ. ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿಯಲ್ಲಿ ನಾಲ್ವರನ್ನೂ ಸಾಮಾನನ್ನೂ ಹೊತ್ತ ಜಿಮ್ನಿ ಏದುಸಿರು ಬಿಡುತ್ತದೆ. ಅದರ 1462 ಸಿಸಿ ಪೆಟ್ರೋಲ್ ಎಂಜಿನ್ ಕೊಡುವ 134 ನ್ಯೂಟನ್ ಮೀಟರ್ ಟಾರ್ಕ್ ಪೂರ್ತಿ ಕೈಗೆ ಬರುವುದು 4000 ಸುತ್ತಿನಲ್ಲಿ. ಗೇರು ಇಳಿಸುತ್ತಲೇ ಇರಬೇಕು, ಎಂಜಿನ್ ಕೂಗುತ್ತಲೇ ಇರುತ್ತದೆ. ಥಾರಿನ 2.2 ಲೀಟರ್ ಡೀಸೆಲ್ 1600 ಸುತ್ತಿಗೇ 300 ನ್ಯೂಟನ್ ಮೀಟರ್ ಕೊಟ್ಟು ತಿರುವಿನಿಂದ ತಿರುವಿಗೆ ಸಲೀಸಾಗಿ ಎಳೆದುಕೊಂಡು ಹೋಗುತ್ತದೆ. ವಾರವಾರವೂ ಘಟ್ಟದ ಮೇಲಿನ ತೋಟಕ್ಕೆ ಹೋಗಿ ಬರುವವರು, ಟ್ರೈಲರ್ ಎಳೆಯುವವರು ನನ್ನ ಜಿಮ್ನಿ ಪ್ರೀತಿಗೆ ಕಿವಿಗೊಡಬೇಡಿ. ಥಾರ್ ಡೀಸೆಲ್ ತಗೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಮಾತ್ರ ಅವರನ್ನು ಒಮ್ಮೆ ಅದರ ಹಿಂದಿನ ಸೀಟಿಗೆ ಹತ್ತಿಸಿ ನೋಡಿ. ಮುಂದಿನ ಸೀಟು ಮಡಚಿ ತೂರಿಕೊಂಡು ಹೋಗಬೇಕು, ಮಂಡಿನೋವಿನ ಅಮ್ಮನಿಗೆ ಅದು ಆಗದ ಕೆಲಸ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಜಿಮ್ನಿ ಯಾವುದನ್ನು ತಗೊಂಡರೂ ಫೋರ್ ವೀಲ್ ಡ್ರೈವ್ ಇರುತ್ತದೆ. ಥಾರ್ ಹಾಗಲ್ಲ. 2023ರಲ್ಲಿ ಬಂದ 1.5 ಲೀಟರ್ ಡೀಸೆಲ್ ಥಾರಿನಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. ನಾಲ್ಕು ಮೀಟರಿನ ಒಳಗೆ, ಡೀಸೆಲಿಗೆ ಗೊತ್ತುಮಾಡಿದ 1500 ಸಿಸಿಯ ಒಳಗೆ ಇರುವುದರಿಂದ 2025ರ ಸೆಪ್ಟೆಂಬರ್ 22ರ ನಂತರ ಅದಕ್ಕೆ ಶೇ. 18 ಜಿಎಸ್‌ಟಿ, 2.2 ಡೀಸೆಲಿಗೂ ಜಿಮ್ನಿಗೂ ಶೇ. 40. ಬೆಲೆ ನೋಡಿ ಆಸೆಯಾಗುವುದು ಸಹಜ. ಆದರೆ ನೋಟ ಥಾರಿನದೇ ಇದ್ದರೂ, ಒದ್ದೆ ಪಾಚಿಯ ಏರಿನಲ್ಲಿ ಆ ಗಾಡಿಯಿಂದ ಥಾರಿನ ಕೆಲಸ ಆಗದು.

ಇನ್ನು ಕಡಲತೀರ. ಕೋಡಿಯ ಹೊಯಿಗೆಯಲ್ಲಿ ಫೋರ್ ವೀಲ್ ಪರೀಕ್ಷಿಸುವ ಹುಮ್ಮಸ್ಸು ಹುಡುಗರಲ್ಲಿ ಕಾಣುತ್ತದೆ. ದಯವಿಟ್ಟು ಬೇಡ. ಅಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಚಕ್ರದಡಿ ಏನು ಹುಗಿದಿದೆಯೆಂದು ಸ್ಟಿಯರಿಂಗ್ ಹಿಡಿದವರಿಗೆ ತಿಳಿಯುವುದಿಲ್ಲ. ಗಾಡಿಗೂ ಅದು ಕೇಡು. ಎರಡರದ್ದೂ ಏಣಿಯಂಥ ಉಕ್ಕಿನ ಚಾಸಿಸ್. ಉಪ್ಪು ಹತ್ತಿದ ಹೊಯಿಗೆ ಅದರ ಸಂದುಗಳಲ್ಲಿ ಕೂತರೆ ತುಕ್ಕು ಒಳಗಿನಿಂದಲೇ ತಿನ್ನುತ್ತ ಬರುತ್ತದೆ. ತೀರಕ್ಕೆ ಇಳಿಯದಿದ್ದರೂ ಕೋಟೇಶ್ವರದ ಗಾಳಿಯಲ್ಲೇ ಉಪ್ಪಿದೆ. ಹಾಗಾಗಿ ಡೆಲಿವರಿ ತಗೊಂಡ ವಾರದಲ್ಲೇ ಅಡಿಭಾಗಕ್ಕೆ ತುಕ್ಕು ತಡೆಯುವ ಲೇಪ ಹೊಡೆಸಿ, ನೀರು ಸೋರುವ ತೂತುಗಳು ಮುಚ್ಚಿಹೋಗದಂತೆ ನಿಂತು ನೋಡಿಕೊಳ್ಳಿ. ಮಳೆಗಾಲ ಮುಗಿದೊಡನೆ ಲಿಫ್ಟಿಗೆ ಹಾಕಿಸಿ, ಸಿಹಿನೀರಿನಲ್ಲಿ ಅಡಿ ತೊಳೆಸಿ, ಲೇಪ ಎದ್ದ ಕಡೆ ಮತ್ತೆ ಹೊಡೆಸಿ.