ಎಣಿಕೆಯೂ ಶ್ರದ್ಧೆಯೂ: ಆಂಡ್ರೂ ಗ್ರೀಲಿಯವರ ಸಮಾಜಶಾಸ್ತ್ರ

ಮತವನ್ನು ಕುರಿತು ಬರೆಯುವವರಲ್ಲಿ ಎರಡು ಪಂಗಡಗಳುಂಟು. ಒಳಗೆ ನಿಂತು ನೋಡುವವನಿಗೆ ಅಳತೆಯ ಗೊಡವೆ ಬೇಡ; ಹೊರಗೆ ನಿಂತು ಅಳೆಯುವವನಿಗೆ ಶ್ರದ್ಧೆಯ ಗೊಡವೆ ಬೇಡ. ಈ ಎರಡು ಭಾರಗಳನ್ನೂ ಒಬ್ಬನೇ ಹೊತ್ತರೆ ಲಾಭವೇನು, ಅಪಾಯವೇನು ಎಂಬುದನ್ನು ತಿಳಿಯಬಯಸುವವರಿಗೆ ಅಮೆರಿಕದ ಕಥೋಲಿಕ ಗುರುಗಳೂ ಸಮಾಜಶಾಸ್ತ್ರಜ್ಞರೂ ಆಗಿದ್ದ ಆಂಡ್ರೂ ಗ್ರೀಲಿಯವರ (೧೯೨೮–೨೦೧೩) ಗ್ರಂಥಗಳಿಗಿಂತ ತಕ್ಕ ಉದಾಹರಣೆ ಸಿಕ್ಕುವುದು ಕಷ್ಟ.

ಗ್ರೀಲಿಯವರು ಇಲಿನಾಯ್ ಸಂಸ್ಥಾನದ ಓಕ್ ಪಾರ್ಕಿನಲ್ಲಿ ಜನಿಸಿ, ೧೯೫೪ರಲ್ಲಿ ಗುರುದೀಕ್ಷೆಯನ್ನು ಪಡೆದು, ಷಿಕಾಗೋ ನಗರದ ಒಂದು ಧರ್ಮಕೇಂದ್ರದಲ್ಲಿ ಹತ್ತು ವರ್ಷ ಸೇವೆ ಮಾಡಿದರು. ಆ ನಡುವೆಯೇ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ೧೯೬೨ರಲ್ಲಿ ಡಾಕ್ಟರೇಟ್ ಪದವಿಯನ್ನು ಗಳಿಸಿದರು. ಕಥೋಲಿಕರು ಉನ್ನತ ವಿದ್ಯೆಯಲ್ಲಿ ಹಿಂದುಳಿದವರು, ಅದಕ್ಕೆ ಅವರ ಮತವೇ ಕಾರಣ ಎಂಬ ಮಾತು ಆಗ ಪಂಡಿತರಲ್ಲಿ ರೂಢವಾಗಿದ್ದಿತು. ಗ್ರೀಲಿಯವರು ೧೯೬೧ರಲ್ಲಿ ಪದವೀಧರರಾದವರ ಉತ್ತರಗಳನ್ನು ಪರಿಶೀಲಿಸಿ, ಆ ತಲೆಮಾರಿನ ಮಟ್ಟಿಗೆ ಈ ಮಾತು ನಿಲ್ಲದೆಂದು ತೋರಿಸಿದರು. ರೂಢಿಯಾಗಿ ಬಂದ ಅಭಿಪ್ರಾಯವನ್ನು ಜನರನ್ನೇ ಕೇಳಿ ಪರೀಕ್ಷಿಸುವುದು ಅಂದಿನಿಂದ ಅವರ ಪದ್ಧತಿಯಾಯಿತು. ಪೀಟರ್ ರಾಸಿಯವರೊಡನೆ ೧೯೬೬ರಲ್ಲಿ ಪ್ರಕಟಿಸಿದ ಕಥೋಲಿಕ ಶಾಲೆಗಳ ಅಧ್ಯಯನದಲ್ಲಿಯೂ ಇದೇ ಕ್ರಮ. ಆ ಶಾಲೆಗಳು ಸಮಾಜವನ್ನು ಒಡೆಯುತ್ತವೆಂಬ ದೂರಿಗೆ ಅವರಿಗೆ ಆಧಾರ ದೊರೆಯಲಿಲ್ಲ. ಆದರೆ ಶಾಲೆಯ ಪ್ರಭಾವವು ಮುಖ್ಯವಾಗಿ ಶ್ರದ್ಧೆಯುಳ್ಳ ಮನೆಗಳ ಮಕ್ಕಳಲ್ಲಿಯೇ ಕಾಣುವುದೆಂಬ ಅಪ್ರಿಯ ಸತ್ಯವನ್ನೂ ಅವರು ಮರೆಮಾಡಲಿಲ್ಲ.

ಅವರ ಕೃತಿಗಳಲ್ಲಿ ಹೆಚ್ಚು ಚರ್ಚೆಗೆ ಗುರಿಯಾದದ್ದು, ಇಬ್ಬರು ಸಹೋದ್ಯೋಗಿಗಳೊಡನೆ ೧೯೭೬ರಲ್ಲಿ ಹೊರತಂದ ಗ್ರಂಥ. ೧೯೬೩ರಲ್ಲಿ ವಾರವಾರವೂ ಬಲಿಪೂಜೆಗೆ ಹೋಗುತ್ತಿದ್ದ ಕಥೋಲಿಕರು ನೂರಕ್ಕೆ ೭೧ ಮಂದಿ. ೧೯೭೪ರಲ್ಲಿ ೫೦ ಮಂದಿ. ಈ ಕುಸಿತಕ್ಕೆ ೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಸುಧಾರಣೆಗಳೇ ಕಾರಣವೆಂದು ಸಂಪ್ರದಾಯನಿಷ್ಠರು ಹಳಿಯುತ್ತಿದ್ದರು. ಗ್ರೀಲಿಯವರ ಎಣಿಕೆ ಬೇರೆಯದನ್ನು ಹೇಳಿತು. ಸುಧಾರಣೆಗಳನ್ನು ಬಹುಮಂದಿ ಮೆಚ್ಚಿದ್ದರು. ಜನರನ್ನು ದೂರಮಾಡಿದುದು ಕೃತಕ ಸಂತಾನನಿಯಂತ್ರಣವನ್ನು ನಿಷೇಧಿಸಿ ಆರನೆಯ ಪೌಲರು ೧೯೬೮ರಲ್ಲಿ ಹೊರಡಿಸಿದ ‘ಹ್ಯೂಮಾನೆ ವೀಟೆ’ ಎಂಬ ವಿಶ್ವಪತ್ರ ಎಂಬುದೇ ಅವರ ಸಿದ್ಧಾಂತ.

ಈ ಸಿದ್ಧಾಂತವನ್ನು ಎಷ್ಟರಮಟ್ಟಿಗೆ ಒಪ್ಪಬಹುದು? ಅದು ಯುದ್ಧದ ಕಾಲ, ಯುವಜನರ ಪ್ರತಿಭಟನೆಯ ಕಾಲ. ಎಲ್ಲ ಅಧಿಕಾರವೂ ಆಗ ಸಡಿಲವಾಯಿತಷ್ಟೆ ಎಂದು ಆಕ್ಷೇಪಿಸುವುದುಂಟು. ಈ ಆಕ್ಷೇಪಕ್ಕೆ ೧೯೮೭ರಲ್ಲಿ ಮೈಕೇಲ್ ಹೌಟರೊಡನೆ ಬರೆದ ಲೇಖನದಲ್ಲಿ ಉತ್ತರವಿದೆ: ಅದೇ ಕಾಲದಲ್ಲಿ ಪ್ರಾಟೆಸ್ಟಂಟರ ಹಾಜರಿ ಹೆಚ್ಚುಕಡಮೆಯಾಗದೆ ನಿಂತಿತ್ತು. ಕಾಲದೋಷವೇ ಕಾರಣವಾಗಿದ್ದರೆ ಅದು ಒಂದೇ ಮನೆಯ ಬಾಗಿಲನ್ನು ತಟ್ಟುತ್ತಿರಲಿಲ್ಲ. ಆದರೆ ಇನ್ನೊಂದು ಸಂದೇಹ ಉಳಿಯುತ್ತದೆ. ನಿಷೇಧವನ್ನು ಒಪ್ಪದೆ ಪೂಜೆಯನ್ನು ಬಿಟ್ಟರೋ, ಪೂಜೆಯನ್ನು ಬಿಟ್ಟಮೇಲೆ ನಿಷೇಧವನ್ನು ಅಲ್ಲಗಳೆದರೋ? ಬೇರೆಬೇರೆ ಜನರನ್ನು ಹನ್ನೊಂದು ವರ್ಷಗಳ ಅಂತರದಲ್ಲಿ ಕೇಳಿದ ಎರಡು ಪ್ರಶ್ನಾವಳಿಗಳಿಂದ ಇದು ಪೂರ್ಣವಾಗಿ ತೀರ್ಮಾನವಾಗದು. ಸಿದ್ಧಾಂತವು ಬಲವಾದ ಊಹೆಯೇ ಹೊರತು ಸಿದ್ಧಪಡಿಸಿದ ಪ್ರಮೇಯವಲ್ಲ.

ಅದೇ ಲೇಖನದಲ್ಲಿ ಮತ್ತೊಂದು ಮಾತಿದೆ. ಇಳಿತವು ೧೯೭೫ರ ಸುಮಾರಿಗೆ ನಿಂತಿತು. ಅಧಿಕಾರಿಗಳೊಡನೆ ಭಿನ್ನಾಭಿಪ್ರಾಯವಿದ್ದರೂ ಕಥೋಲಿಕರು ತಮ್ಮ ಮತವನ್ನು ಬಿಡಲೊಲ್ಲರು. ಅವರ ನಿಷ್ಠೆಯೇ ಇದಕ್ಕೆ ಕಾರಣ. ಬರೆದ ದಿನಕ್ಕೆ ಅಂಕಿಗಳು ಹಾಗೆಯೇ ಹೇಳುತ್ತಿದ್ದವು. ಆದರೆ ಕಾಲ ಈ ಭರವಸೆಯನ್ನು ಉಳಿಸಲಿಲ್ಲ: ಮುಂದಿನ ದಶಕಗಳಲ್ಲಿ, ಹೊಸ ತಲೆಮಾರುಗಳು ಬಂದಂತೆಲ್ಲ, ಹಾಜರಿ ಮತ್ತೆ ಇಳಿಯಿತು. ಅಂಕಿಯನ್ನು ಓದಿದವರು ಸಮಾಜಶಾಸ್ತ್ರಜ್ಞರು. ಅದಕ್ಕೆ ನಿಷ್ಠೆಯೆಂದು ಹೆಸರಿಟ್ಟವರಲ್ಲಿ ಆ ಧರ್ಮಕೇಂದ್ರದ ಗುರುಗಳೂ ಇದ್ದರೆಂದು ತೋರುತ್ತದೆ.

ಆ ನಿಷ್ಠೆಯ ಮೂಲವು ಬೋಧನೆಯಲ್ಲಲ್ಲ, ಕಲ್ಪನೆಯಲ್ಲಿದೆ ಎಂಬುದು ಗ್ರೀಲಿಯವರ ಕೊನೆಯ ಘಟ್ಟದ ವಾದ. ಮತವು ಮೊದಲು ಕಥೆ, ಆಮೇಲೆ ತತ್ತ್ವ. ಸಂಸ್ಕಾರಗಳು, ಸಂತರು, ಪ್ರತಿಮೆಗಳು ಲೋಕವೇ ದೇವರ ಕೃಪೆಯ ಕುರುಹೆಂದು ಕಾಣಿಸುತ್ತವೆ. ಈ ನಂಬಿಕೆಯಿಂದಲೇ ಅವರು ಕಾದಂಬರಿಗಳನ್ನೂ ಬರೆದು ಲಕ್ಷಾಂತರ ಓದುಗರನ್ನು ಪಡೆದರು. ವಾದವು ಫಲವತ್ತಾದುದು, ಅದಕ್ಕೆ ಹಿಡಿದ ಅಳತೆಗೋಲು ಮಾತ್ರ ಗಿಡ್ಡದು. ದೇವರು ತಾಯಿಯೋ ತಂದೆಯೋ, ಸಖನೋ ರಾಜನೋ, ಸಂಗಾತಿಯೋ ಒಡೆಯನೋ, ಪ್ರಿಯನೋ ನ್ಯಾಯಾಧಿಪತಿಯೋ ಎಂಬ ನಾಲ್ಕು ಜೋಡಿಗಳನ್ನು ಮುಂದಿಟ್ಟು, ಪ್ರತಿಯೊಂದರಲ್ಲಿಯೂ ಎರಡು ತುದಿಗಳ ನಡುವೆ ಒಂದು ಗುರುತು ಹಾಕಿರೆಂದು ಜನರನ್ನು ಕೇಳಲಾಯಿತು. ಆದರೆ ಇವು ಪರಸ್ಪರ ವಿರುದ್ಧವೆಂದು ಹೇಳಿದವರಾರು? ಒಬ್ಬನೇ ಭಕ್ತನು ಬೆಳಗ್ಗೆ ತಾಯಿಯೆಂದೂ ಸಂಜೆ ಒಡೆಯನೆಂದೂ ಕರೆಯಬಲ್ಲನೆಂಬುದನ್ನು ವಚನಗಳನ್ನು ಓದಿದ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಇದಲ್ಲದೆ, ಕಥೋಲಿಕರ ಮಾತೃಭಾವವು ಬಹುಪಾಲು ಮರಿಯಮ್ಮನವರಲ್ಲಿ ನೆಲೆಸಿರುವಾಗ, ದೇವರೊಬ್ಬನನ್ನೇ ಕುರಿತ ಪ್ರಶ್ನೆ ಅದನ್ನು ಮುಟ್ಟುವುದೆಂತು? ಮರಿಯಮ್ಮನವರನ್ನು ಕುರಿತು ೧೯೭೭ರಲ್ಲಿ ಗ್ರಂಥವನ್ನೇ ರಚಿಸಿದ್ದ ಗ್ರೀಲಿಯವರು ಇದನ್ನು ಅರಿಯದವರಲ್ಲ.

ಇಷ್ಟು ದೋಷಗಳನ್ನೆಣಿಸಿದರೂ ಅವರ ಹಿರಿಮೆ ಕುಂದುವುದಿಲ್ಲ. ಧರ್ಮಾಧ್ಯಕ್ಷರೇ ಬಯಸಿ ಮಾಡಿಸಿದ ಗುರುಗಳ ಅಧ್ಯಯನದಲ್ಲಿ (೧೯೭೨), ಆ ಗುರುಗಳಲ್ಲಿಯೇ ಬಹುಮಂದಿ ೧೯೬೮ರ ಬೋಧನೆಯನ್ನು ಒಪ್ಪುತ್ತಿಲ್ಲವೆಂದು ಅವರು ಬರೆದರು. ಬರೆದವರೂ ಗುರುಗಳೇ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಎಣಿಕೆಯು ಅವರ ಪ್ರೀತಿಗೆ ಎದುರು ನಿಂತ ಕಡೆಗಳಲ್ಲಿ ಅವರ ಶಾಸ್ತ್ರ ಗಟ್ಟಿಯಾಗಿದೆ. ಪ್ರೀತಿಯೊಡನೆ ಸುಲಭವಾಗಿ ಕೂಡಿಕೊಂಡ ಕಡೆಗಳಲ್ಲಿ ಸಡಿಲವಾಗಿದೆ. ತನ್ನ ಮತವನ್ನು ತಾನೇ ಅಳೆಯಹೊರಡುವ ಯಾವ ವಿದ್ವಾಂಸನಿಗೂ ಈ ಎರಡು ಪಾಠಗಳೂ ಬೇಕಾದವು.