ಅಂಗಡಿಯವರು ಕಲಿತರು, ವಿಜ್ಞಾನಿಗಳು ಕೇಳಿಸಿಕೊಂಡರೇ?

ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ ಭಾಜಿ ಗಲ್ಲಿಯಲ್ಲಿ ಬೆಂಡೆಕಾಯಿ ಆರಿಸುವವರಿಗೆ, ಅದಕ್ಕೆ ಯಾವ ಔಷಧಿ ಹೊಡೆದಿದ್ದಾರೆ, ಹೊಡೆದು ಎಷ್ಟು ದಿನವಾಯಿತು ಎಂದು ಹೇಳುವವರು ಯಾರೂ ಇಲ್ಲ. ಎಷ್ಟೋ ಊರುಗಳಲ್ಲಿ ಅದನ್ನು ತೀರ್ಮಾನಿಸುವವರು ಪೇಟೆಯ ಗೊಬ್ಬರದಂಗಡಿಯವರು. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಶೇ 13.1ರಷ್ಟು ರೈತ ಕುಟುಂಬಗಳು ಇಂಥ ಮಾರಾಟಗಾರರಿಂದ ಮಾಹಿತಿ ಪಡೆಯುತ್ತಿದ್ದವು. ಸರ್ಕಾರಿ ವಿಸ್ತರಣಾ ಸಿಬ್ಬಂದಿಯಿಂದ ಪಡೆಯುತ್ತಿದ್ದವು ಶೇ 5.7 ಮಾತ್ರ.

ಅದೇ ವರ್ಷ ಹೈದರಾಬಾದಿನ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ ‘ಮ್ಯಾನೇಜ್’ ಈ ಮಾರಾಟಗಾರರಿಗಾಗಿ ‘ದೇಸಿ’ ಡಿಪ್ಲೊಮಾ ಆರಂಭಿಸಿತು. ಒಂದು ವರ್ಷದ ಕೋರ್ಸು. 40 ತರಗತಿ, 8 ಕ್ಷೇತ್ರ ಭೇಟಿ. ಪಾಠ ನಡೆಯುವುದು ಭಾನುವಾರ ಇಲ್ಲವೇ ಪೇಟೆಗೆ ರಜೆ ಇರುವ ದಿನ. ವ್ಯಾಪಾರಿಯ ದಿನಚರಿ ಬಲ್ಲವರೇ ಮಾಡಿದ ಏರ್ಪಾಡಿದು. ಅಂಗಡಿಯವರನ್ನು ಬೈದು ಕೂರದೆ ಕಲಿಸಲು ಹೊರಟಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಕಲಿತದ್ದು ಮಾರಾಟದ ಮೇಜಿನ ಮೇಲೆ ಉಳಿಯುತ್ತದೆಯೇ? ಗ್ರಾಂಟ್ ರೋಡಿನ ಹೋಟೆಲುಗಳಲ್ಲಿ ದುಡಿಯುವ ಕರಾವಳಿಯ ಕೆಲವರಿಗೆ ಊರಲ್ಲಿ ಅಡಿಕೆ ತೋಟವಿದೆ. ಆಟಿ ತಿಂಗಳ ಮಳೆಯಲ್ಲಿ ತಮ್ಮನ ಫೋನು ಬರುತ್ತದೆ: “ಅಣ್ಣ, ಎಳೆ ಕಾಯಿ ಉದುರ್ತಾ ಉಂಟು. ಅಂಗಡಿಯವರು ಹೊಸ ಮದ್ದು ಕೊಟ್ಟಿದ್ದಾರೆ, ಬಿಡಿಸಲಾ?”

ಎಳೆ ಕಾಯಿ ಉದುರಿಸುವ ಈ ಕೊಳೆರೋಗಕ್ಕೆ ಪರೀಕ್ಷೆಯಲ್ಲಿ ಗೆದ್ದ ಮದ್ದು ನೂರು ವರ್ಷಕ್ಕೂ ಹಳೆಯದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಕಲಕುತ್ತಾ ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕತ್ತಿಯ ಅಲಗು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಬಿಡಬೇಕು. ರೈತರು ತಾವೇ ಕಲಸಿಕೊಳ್ಳುವ ಈ ಮದ್ದಿಗೆ ಬಣ್ಣದ ಬಾಟಲಿಯಿಲ್ಲ, ಕಂಪನಿಯ ಮಾರಾಟದ ಗುರಿಯೂ ಇಲ್ಲ. ಸಲಹೆ ಕೊಡುವವರ ಸಂಪಾದನೆ ಬಾಟಲಿಯಲ್ಲೇ ಇರುವಾಗ ಡಿಪ್ಲೊಮಾ ಒಂದರಿಂದಲೇ ಈ ಎಳೆತ ಸಡಿಲವಾಗದು. 2002ರ ಕೃಷಿ ಕ್ಲಿನಿಕ್ ಯೋಜನೆ ಕೃಷಿ ಪದವೀಧರರಿಗೆ ತರಬೇತಿ ಕೊಟ್ಟು ಸ್ವತಂತ್ರ ಸಲಹೆಗೆ ದಾರಿ ತೆರೆಯಿತು, ನಿಜ. ಆದರೆ ಬರೀ ಮಾತಿಗೆ ದುಡ್ಡು ಕೊಡುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ತಿಳಿವಳಿಕೆಯ ಈ ದಾರಿಯಲ್ಲಿ ಸಂಚಾರ ಒಂದೇ ದಿಕ್ಕಿಗೆ: ವಿಜ್ಞಾನಿಗಳಿಂದ ಅಂಗಡಿಗೆ. ಮಲೆನಾಡಿನ ತೋಟಗಳಿಗೆ ಎಲೆಚುಕ್ಕಿ ರೋಗ ಹಬ್ಬುವಾಗ ರೋಗದ ಸೋಗೆ ಹಿಡಿದು ರೈತರು ಓಡುವುದು ಮೊದಲು ಹತ್ತಿರದ ಅಂಗಡಿಗೆ. ಯಾವ ಊರಿನವರು ಯಾವ ವಾರ ಏನು ಒಯ್ದರು, ಮತ್ತೆ ಬಂದು ಏನೆಂದರು ಎಂಬುದೆಲ್ಲ ಆ ಅಂಗಡಿಯವರಿಗೆ ಗೊತ್ತು. ವಿಟ್ಲದ ಸಂಶೋಧನಾ ಕೇಂದ್ರಕ್ಕೋ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೋ ಅದು ವಾರದೊಳಗೆ ತಲುಪಬೇಕು. ಪುತ್ತೂರಿನ ಅಡಿಕೆ ಪತ್ರಿಕೆ 1988ರಿಂದ ಕೃಷಿಕರ ಅನುಭವವನ್ನು ಅಚ್ಚಿಗೆ ತಂದು ಕೆಳಗಿನ ಮಾತಿಗೂ ತೂಕವಿದೆ ಎಂದು ತೋರಿಸಿದೆ. ದೇಸಿ ಕಲಿತವರ ಕೈಗೆ ಪ್ರಮಾಣಪತ್ರದ ಜೊತೆಗೆ ಮಾದರಿ ಕಳಿಸುವ ಚೀಲವನ್ನೂ, ಉತ್ತರ ಕೊಡಲೇಬೇಕಾದ ಒಬ್ಬ ವಿಜ್ಞಾನಿಯ ಫೋನ್ ನಂಬರನ್ನೂ ಕೊಡಲಿ.